ಹವಳ ದಿಬ್ಬ ಮತ್ತು ಬಿಸಿಲು: ‘ಬಡ ನೀರಿನಲ್ಲಿ ಇಷ್ಟು ಜೀವ ಹೇಗೆ?’

ಹವಳ ಪ್ರಾಣಿ, ಗಿಡ ಅಲ್ಲ; ಅದರ ಒಂದೊಂದು ಪುಟ್ಟ ಜೀವಿಯೇ ಪಾಲಿಪ್. ಅದರ ಪಾಲಿಪ್‌ನ ಒಳಪದರದ ಕೋಶಗಳಲ್ಲಿ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿ ಇರುತ್ತದೆ. ಬಿಸಿಲಿದ್ದಾಗ ಪಾಚಿ ಸಕ್ಕರೆ, ಗ್ಲಿಸರಾಲ್ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೇ ಬಿಟ್ಟುಕೊಡುತ್ತದೆ. ಒಳ್ಳೆ ಬೆಳಕಿದ್ದರೆ ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು 90% ತನಕ ಇಲ್ಲಿಂದಲೇ ಸಿಗಬಹುದು. ರಾತ್ರಿ ಗ್ರಹಣಾಂಗ ಚಾಚಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಹಿಡಿಯುವುದೂ ಉಂಟು. ಇಷ್ಟು ಸಲೀಸು.

ಸಿಕ್ಕಿಹಾಕಿಕೊಳ್ಳುವುದು ಮುಂದೆ. ಮಳೆಗಾಲದಲ್ಲಿ ಕಾರವಾರದ ಕಡಲು ನೋಡಿ. ಕಾಳಿ ನದಿ ಕೆಂಪು ಮಣ್ಣು ತಂದು ಸುರಿಯುತ್ತದೆ. ಆಮೇಲೆ ಪ್ಲಾಂಕ್ಟನ್ ಹೆಚ್ಚಿ ನೀರು ಹಸಿರಾಗುತ್ತದೆ. ಬಂಗಡೆ, ತಾರ್ಲೆ ಬರುವುದು ಈ ಮೇವಿಗೇ. ಲಕ್ಷದ್ವೀಪದ ನೀರು ತಿಳಿನೀಲಿ, ಅಂದರೆ ಅದರಲ್ಲಿ ಪೋಷಕಾಂಶ ತೀರಾ ಕಡಿಮೆ, ಅದೇ ಬಡ ನೀರು. ಆದರೂ ದೊಡ್ಡ ಹವಳ ದಿಬ್ಬ ಇರುವುದು ಅಲ್ಲೇ! ನಮ್ಮ ಮುರ್ಡೇಶ್ವರದ ಆಚೆ ನೇತ್ರಾಣಿ ಸುತ್ತ ಹವಳ ಇದೆ, ಆದರೆ ಅಷ್ಟು ದೊಡ್ಡ ದಿಬ್ಬವಿಲ್ಲ. ತಲೆಕೆಳಗಾಗಿ ಕಾಣುತ್ತೆ, ಅಲ್ವಾ?

ಎರಡು ಲೆಕ್ಕ ಬೇರೆ ಬೇರೆ ಇಟ್ಟರೆ ಗಂಟು ಬಿಡುತ್ತದೆ.

ಶಕ್ತಿ ಒಂದು ಲೆಕ್ಕ. ಬಳಸಿದ ಶಕ್ತಿ ಶಾಖವಾಗಿ ಹೋಗಿಬಿಡುತ್ತದೆ, ವಾಪಸ್ ಬರುವುದಿಲ್ಲ. ಹಾಗಾಗಿ ದಿನಾ ಹೊಸ ಬಿಸಿಲು ಬೇಕು. ಸಾರಜನಕ, ರಂಜಕ ಇನ್ನೊಂದು ಲೆಕ್ಕ. ಇವು ಖರ್ಚಾಗಿ ಮುಗಿಯುವುದಿಲ್ಲ, ಕೈ ಬದಲಾಗುತ್ತವೆ ಅಷ್ಟೆ. ಹವಳ ಹೊರಹಾಕುವ ಅಮೋನಿಯಾ ಸಮುದ್ರಕ್ಕೆ ಸೇರುವ ಮೊದಲೇ ಒಳಗಿನ ಪಾಚಿ ಅದನ್ನು ಹೀರಿಕೊಂಡು ಅಮೈನೋ ಆಮ್ಲ ಮಾಡುತ್ತದೆ. ಅದರಲ್ಲೂ ಒಂದಿಷ್ಟು ಹವಳಕ್ಕೆ. ಶಿರಸಿ ಕಡೆಯ ಕೊಟ್ಟಿಗೆಯ ಹಾಗೆ: ತೋಟದ ಹುಲ್ಲು ದನಕ್ಕೆ, ಸಗಣಿ ಗೊಬ್ಬರ ಮತ್ತೆ ತೋಟಕ್ಕೆ. ಹೊರಗಿನ ಗೊಬ್ಬರ ಜಾಸ್ತಿ ಬೇಡ, ಬಿಸಿಲು ಮಾತ್ರ ಬೇಕೇ ಬೇಕು.

ಬಿಸಿಲು ಕೆಳಗಿಳಿಯಲು ನೀರು ತಿಳಿಯಾಗಿರಬೇಕು. ಪೋಷಕಾಂಶ ಹೆಚ್ಚಾದರೆ ಪ್ಲಾಂಕ್ಟನ್ ಬೆಳಕು ತಡೆಯುತ್ತದೆ, ಕಡಲಕಳೆ ಹವಳವನ್ನೇ ಮುಚ್ಚುತ್ತದೆ. ಅಂದರೆ ಬಡ ನೀರು ಹವಳಕ್ಕೆ ಅಡ್ಡಿಯಲ್ಲ, ಅನುಕೂಲ. ಚಿತ್ರ ಬರೆಯುವಾಗ ಶಕ್ತಿಯ ಬಾಣ ನೇರ ಹೊರಗೆ ಹೋಗಲಿ, ಪೋಷಕಾಂಶದ ಬಾಣ ಸುತ್ತು ಬರಲಿ. ನನ್ನ ಮಟ್ಟಿಗೆ ಹವಳ ದಿಬ್ಬದ ಇಡೀ ವಿಷಯ ಈ ಎರಡು ಬಾಣಗಳಲ್ಲೇ ಇದೆ.

ಉಳಿದದ್ದು ಚುಟುಕಾಗಿ. ಹವಳ ಸುರಿಸುವ ಲೋಳೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಅಲ್ಲಿಂದ ಆಹಾರ ಸರಪಳಿ ಮೇಲಕ್ಕೆ. ಕೆಂಪು ಬೆಳಕು ಮೇಲಿನ ಕೆಲವು ಮೀಟರ್‌ಗಳಲ್ಲೇ ಮುಗಿಯುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಪಾಚಿಯ ಪೆರಿಡಿನಿನ್ ವರ್ಣಕ ನೀಲಿ-ಹಸಿರನ್ನು ಹಿಡಿಯುತ್ತದೆ.

ಬೇಸಿಗೆಯ ಗರಿಷ್ಠಕ್ಕಿಂತ 1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹವಳ ಪಾಚಿಯನ್ನು ಹೊರದಬ್ಬಿ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಬಿಳಿಚಿದ್ದೆಲ್ಲ ಸತ್ತಿದೆ ಎಂದು ಬರೆಯಬೇಡಿ. ನೀರು ಬೇಗ ತಣ್ಣಗಾದರೆ ಪಾಚಿ ಮತ್ತೆ ತುಂಬಿಕೊಳ್ಳಬಹುದು.