ತೂಕದ ಕಾಟಾ ಹೇಳದ ಕೊಬ್ಬು

ಪುಣೆಯ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ 45 ವರ್ಷದ ಗಂಡಸು ಎಂದಿಟ್ಟುಕೊಳ್ಳಿ. ತೂಕ 64 ಕಿಲೋ, ಎತ್ತರ 168 ಸೆಂ.ಮೀ. ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಎಂದು ಹೇಳುವ ಅಂಕಿ) 22.7, ಭಾರತೀಯರಿಗೆ ಇಟ್ಟಿರುವ 23ರ ಗೆರೆಯೊಳಗೇ. ಆದರೆ ಟೇಪು ಸುತ್ತಿದರೆ ಹೊಟ್ಟೆ 94 ಸೆಂ.ಮೀ. ಇವರಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು?

ಈ ಲೆಕ್ಕದ ಬೇರು ಬಾಸ್ಟನ್ನಿನಲ್ಲಿದೆ. ಹ್ಯಾರಿಸ್ ಮತ್ತು ಬೆನೆಡಿಕ್ಟ್ ಎಂಬ ವಿಜ್ಞಾನಿಗಳು 136 ಗಂಡಸರು, 103 ಹೆಂಗಸರ ಉಸಿರಾಟ ಅಳೆದು 1919ರಲ್ಲಿ, ಸುಮ್ಮನೆ ಮಲಗಿದ್ದರೂ ಮೈಗೆ ದಿನಕ್ಕೆ ಬೇಕಾಗುವ ಕ್ಯಾಲೊರಿ ಲೆಕ್ಕಹಾಕುವ ಸೂತ್ರ ಕೊಟ್ಟರು. ಈಗ ಹೆಚ್ಚು ಬಳಕೆಯಲ್ಲಿರುವುದು 1990ರ ಮಿಫ್ಲಿನ್ ಸೂತ್ರ: ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆಯಿರಿ. ಗಂಡಸರಿಗೆ 5 ಸೇರಿಸಿ, ಹೆಂಗಸರಿಗೆ 161 ಕಳೆಯಿರಿ. ನಮ್ಮವರಿಗೆ 1470 ಬರುತ್ತದೆ. ಹಳೆಯ ಸೂತ್ರದಲ್ಲಿ 1483. ಈ 13ಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎಡವುವುದು ಮುಂದೆ. ಕೂತು ಮಾಡುವ ಕೆಲಸಕ್ಕೆ 1.4ರಿಂದ ಗುಣಿಸಿದರೆ 2058. ‘ಹೋಟೆಲ್ ಕೆಲಸ’ ಎಂದು ಕೇಳಿ 1.6 ಹಾಕಿದರೆ 2352. ಹಾಗಾಗಿ ದಿನಕ್ಕೆ ಎಷ್ಟು ಹೊತ್ತು ನಿಂತಿರುತ್ತೀರಿ ಎಂದು ಕೇಳದೆ ಗುಣಿಸಬಾರದು.

ಸೂತ್ರಕ್ಕೆ ಗೊತ್ತಿರುವುದು ಒಟ್ಟು ತೂಕ; ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು ಗೊತ್ತಿಲ್ಲ. ಒಂದು ಕಿಲೋ ಸ್ನಾಯು ದಿನಕ್ಕೆ ಸುಮಾರು 13 ಕ್ಯಾಲೊರಿ ಉರಿಸಿದರೆ, ಕೊಬ್ಬು ಉರಿಸುವುದು 4.5ರಷ್ಟು. ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವ ಮೈಗೆ ಸೂತ್ರ ಜಾಸ್ತಿಯೇ ಬಡಿಸುತ್ತದೆ.

ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ ಎಂದು 1947ರಲ್ಲೇ ಹೇಳಿದವರು ಫ್ರಾನ್ಸಿನ ವೈದ್ಯ ಝಾನ್ ವಾಗ್. ಅದು ನಮ್ಮ ಮೈಯ ಕಥೆಯೂ ಹೌದೆಂದು ತೋರಿಸಿದ್ದು ಪುಣೆ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಂಡ 1993ರಿಂದ ಸುತ್ತಲಿನ ಹಳ್ಳಿಗಳ ಗರ್ಭಿಣಿಯರನ್ನು ಅಭ್ಯಸಿಸಿತು. ಅಲ್ಲಿನ ಕೂಸುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನವು 3.5. ಸ್ನಾಯು ಸೊರಗಿತ್ತು, ಹೆಗಲ ಹಿಂದೆ ಚಿವುಟಿ ಅಳೆದ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. 2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ತಮ್ಮ ಅಳತೆಯನ್ನೇ ಪ್ರಕಟಿಸಿದರು: ಇಬ್ಬರದೂ ಬಿಎಂಐ 22.3, ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2.

ಟೇಪು ಹಿಡಿಯುವಲ್ಲೂ ತಪ್ಪಾಗುತ್ತದೆ. ಪ್ಯಾಂಟಿನ ಸೈಜ್ 34 ಇಂಚು ಎಂದು ಬರೆದುಕೊಂಡರೆ 86 ಸೆಂ.ಮೀ. ಆಯಿತು, ಬೆಲ್ಟು ಹೊಟ್ಟೆಯ ಕೆಳಗಿರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಟ್ಟನಡುವೆ, ಬರಿಮೈಗೆ, ಟೇಪು ನೆಲಕ್ಕೆ ಸಮಾನಾಂತರವಾಗಿರಲಿ; ಉಸಿರು ಬಿಟ್ಟ ಮೇಲೆ ಓದಿ. ಗಂಡಸರಿಗೆ 90, ಹೆಂಗಸರಿಗೆ 80 ಗೆರೆ. ಗಲ್ಲಾದವರಿಗೆ 2058ಕ್ಕಿಂತ ಸ್ವಲ್ಪ ಕಡಿಮೆಯಿಂದ ಶುರು ಮಾಡಿ, ತಿಂಗಳ ಬಳಿಕ ಅದೇ ಜಾಗದಲ್ಲಿ ಮತ್ತೆ ಅಳೆಯಬೇಕು. ತೂಕ ಕದಲದಿದ್ದರೂ ಟೇಪು ಎರಡು ಸೆಂ.ಮೀ. ಒಳಬಂದಿದ್ದರೆ ಊಟ ಬದಲಿಸಬೇಕಿಲ್ಲ.