ಕೆಸು ಲ್ಯಾಬಿಗೆ ಹೋಗೋಕೆ ಇಷ್ಟು ತಡವಾಗಿದ್ದು ಯಾಕೆ?

ಮಳೆ ಹಿಡಿದರೆ ಸಾಕು, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರ ವಾಟ್ಸಾಪ್ ತುಂಬ ಕೆಸುವಿನ ಎಲೆಯ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಚಗಟೆ ಸೊಪ್ಪಿನ ಫೋಟೋಗಳು. ಬೆನ್ನಿಗೇ ವಾದವೂ ಶುರು. ಇದನ್ನೇ ಅಂಗನವಾಡಿ ಮಕ್ಕಳಿಗೆ ಕೊಡಿ ಅಂತ ಒಬ್ಬರು. ಪೌಷ್ಟಿಕ ಅನ್ನೋದಕ್ಕೆ ಪುರಾವೆ ಎಲ್ಲಿ ಅಂತ ಇನ್ನೊಬ್ಬರು. ಕೃಷಿ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆಯಲ್ಲ, ಅವರೇನು ಮಾಡ್ತಿದ್ದಾರೆ ಅಂತ ಮತ್ತೊಬ್ಬರು. ಮೂರೂ ಪ್ರಶ್ನೆ ಒಂದಕ್ಕೊಂದು ಸಿಕ್ಕಾಗಿವೆ. ಬಿಡಿಸಬೇಕಾದರೆ ನೂರು ವರ್ಷ ಹಿಂದೆ ಹೋಗಬೇಕು. ನಡುವೆ ಒಮ್ಮೆ ಕೆನ್ಯಾಕ್ಕೂ ಹೋಗಿ ಬರಬೇಕು.

ನಮ್ಮ ದೇಶದಲ್ಲಿ ಪೌಷ್ಟಿಕತೆಯ ಸಂಶೋಧನೆ ಶುರುವಾಗಿದ್ದು 1918ರಲ್ಲಿ, ನೀಲಗಿರಿಯ ಕೂನೂರಿನ ಒಂದು ಕೋಣೆಯಲ್ಲಿ. ರಾಬರ್ಟ್ ಮೆಕ್ಯಾರಿಸನ್ ಎಂಬ ಬ್ರಿಟಿಷ್ ವೈದ್ಯರು ಅಲ್ಲಿ ಇಲಿಗಳಿಗೆ ಭಾರತದ ಬೇರೆ ಬೇರೆ ಜನರ ಊಟ ಹಾಕಿ ಬೆಳೆಸಿದರು. ಸಿಖ್ಖರ ಗೋಧಿ ರೊಟ್ಟಿ, ಬೇಳೆ, ಹಾಲು ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಮದ್ರಾಸಿನ ಅಕ್ಕಿಯೂಟ ತಿಂದವು ಸೊರಗಿದವು. ಕನ್ನಡಿಗರ ಊಟವೂ ಆ ಪಟ್ಟಿಯಲ್ಲಿತ್ತು, ಕೆಳಗಿನ ಅರ್ಧದಲ್ಲಿ! ಆದರೆ ಕನ್ನಡಿಗರ ಊಟ ಅಂದರೆ ಯಾರ ಊಟ? ಬಯಲುಸೀಮೆಯ ಮುದ್ದೆಯೂ ಅದೇ, ಮಲೆನಾಡಿನ ಗಂಜಿಯೂ ಅದೇ ಅಂದರೆ ಹೇಗೆ? ಒಂದು ಸೀಮೆಗೆ ಒಂದು ತಟ್ಟೆ ಅನ್ನೋ ಲೆಕ್ಕದಲ್ಲಿ ಬೇಲಿ ಸಾಲಿನ ಸೊಪ್ಪಿಗೆ ಜಾಗ ಸಿಗುವುದು ಕಷ್ಟವೇ.

ಆಮೇಲಿನ ಕಥೆ ಬೇಗ ಹೇಳಬಹುದು. 1937ರಲ್ಲಿ ಕೂನೂರಿನಿಂದಲೇ ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿ ಬಂತು. 1958ರಲ್ಲಿ, ಆ ಕೋಣೆಯಿಂದ ಬೆಳೆದ ಸಂಸ್ಥೆ ಹೈದರಾಬಾದಿಗೆ ಹೋಯಿತು. 1971ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಮಾಡಿದ ಪಟ್ಟಿ ದಶಕಗಳ ಕಾಲ ಎಲ್ಲರ ಕೈಪಿಡಿಯಾಯಿತು. 2017ರಲ್ಲಿ ಹೊಸದಾಗಿ ಅಳೆದು 528 ಆಹಾರಗಳ ಪಟ್ಟಿ ತಂದರು. ಆ ಕೆಲಸದ ಮುಂದಾಳು ಡಾ. ಟಿ. ಲಾಂಗ್ವಾ. ಈಶಾನ್ಯ ರಾಜ್ಯಗಳ ಬುಡಕಟ್ಟು ಜನರ ಆಹಾರವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು.

ಹಾಗಾದರೆ ನಮ್ಮ ಸೊಪ್ಪು ಪಟ್ಟಿಯಲ್ಲಿ ಇಲ್ವಾ? ಇದೆ. ಕೆಸುವಿನ ಎಲೆ ಇದೆ, ಹೊನಗೊನ್ನೆ ಇದೆ, ಎಳೆ ಬಿದಿರೂ ಇದೆ. ತೊಡಕು ಬೇರೆ ಕಡೆ ಇದೆ. ಪಟ್ಟಿ ಬಹುಪಾಲು ಅಳೆಯುವುದು ಹಸಿ ಪದಾರ್ಥವನ್ನು. ನೂರು ಗ್ರಾಂ ಹಸಿ ಎಲೆಯಲ್ಲಿ ಎಷ್ಟು ಕಬ್ಬಿಣ, ಎಷ್ಟು ಸುಣ್ಣ ಅಂತ. ಹಸಿ ಕೆಸು ಯಾರು ತಿಂತಾರೆ? ಅದರಲ್ಲಿರುವ ಆಕ್ಸಲೇಟ್ ಹರಳುಗಳು ಗಂಟಲು ಕೆರೆಯುತ್ತವೆ. ಅದಕ್ಕೇ ಹುಣಿಸೆಯನ್ನೋ ವಾಟೆಹುಳಿಯನ್ನೋ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸುತ್ತಾರೆ. ಹಸಿ ಕಳಲೆಯಿಂದ ಸಯನೈಡ್ ಹುಟ್ಟುತ್ತದೆ. ನೆನೆಸಿ, ಬೇಯಿಸಿದರೆ ಅದು ಹೋಗುತ್ತದೆ. ಒಂದೆಲಗ ಮಜ್ಜಿಗೆಯ ಜೊತೆ ಸೇರಿ ತಂಬುಳಿಯಾಗುತ್ತದೆ. ನೆನೆಸಿದ ನೀರಿನ ಜೊತೆ ವಿಷ ಮಾತ್ರ ಹೋಯಿತೋ, ಒಳ್ಳೆಯದೂ ಹೋಯಿತೋ? ಹುಳಿ ಹಾಕಿದ ಮೇಲೆ ಎಲೆಯ ಕಬ್ಬಿಣ ಮೈಗೆ ಹತ್ತುವುದು ಜಾಸ್ತಿಯಾಯಿತೋ? ಕೇಳಬೇಕಾದ್ದು ಇದು. ಮಲೆನಾಡಿನ ಅಡುಗೆಯ ಜಾಣ್ಮೆಯೆಲ್ಲ ಎಲೆ ಕೊಯ್ದ ಮೇಲೇ ಶುರುವಾಗುವುದು, ಅಲ್ವಾ?

ಕೆನ್ಯಾದ ಮೇರಿ ಅಬುಕುಟ್ಸಾ-ಒನ್ಯಾಂಗೊ ಅವರ ವೃತ್ತಿಜೀವನ ಇಲ್ಲಿ ನೆನಪಾಗುತ್ತದೆ. 1959ರಲ್ಲಿ ಹುಟ್ಟಿದ ಇವರಿಗೆ ಚಿಕ್ಕಂದಿನಲ್ಲಿ ಹಾಲು, ಮೊಟ್ಟೆ, ಮೀನು ಯಾವುದೂ ಒಗ್ಗುತ್ತಿರಲಿಲ್ಲ. ಮನೆಯವರು ಊರಿನ ಸೊಪ್ಪು ಬೇಯಿಸಿ ಹಾಕಿ ಬೆಳೆಸಿದರು. ಮುಂದೆ ತೋಟಗಾರಿಕೆ ಓದಿ, ಮಸೇನೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ ಅದೇ ಸೊಪ್ಪುಗಳ ಬೆನ್ನು ಹತ್ತಿದರು. ಅಲ್ಲೂ ಕಥೆ ನಮ್ಮದೇ. ವಸಾಹತು ಕಾಲದಲ್ಲಿ ಬಂದ ಕೋಸು ಮರ್ಯಾದಸ್ಥರ ತರಕಾರಿಯಾಯಿತು, ಊರ ಸೊಪ್ಪು ಬಡವರ ಪಾಲಾಯಿತು. ಅವರು ಕೆಲಸ ಮಾಡಿದ್ದು ಯಾವುದರ ಮೇಲೆ ಗೊತ್ತಾ? ನಮ್ಮ ಹರಿವೆ, ಕಾಕಿ ಸೊಪ್ಪು ಇವುಗಳ ಬಳಗದವು, ಜೊತೆಗೆ ಅಲಸಂದೆ ಎಲೆ. ಮೊದಲೆರಡು ಇಲ್ಲಿ ಬೇಲಿ ಬದಿಯಲ್ಲಿ ತಾವಾಗಿಯೇ ಹುಟ್ಟುವಂಥವು.

ಅವರ ಕೆಲಸದ ಕ್ರಮ ನನಗೆ ಇಷ್ಟ. ಮೊದಲು ರೈತರ ಹತ್ತಿರ ಹೋಗಿ ಇದನ್ನು ಯಾಕೆ ಬೆಳೆಯುತ್ತಿಲ್ಲ ಅಂತ ಕೇಳಿದರು. ಒಳ್ಳೆ ಬೀಜ ಸಿಗುವುದಿಲ್ಲ, ಬೆಳೆಸುವ ಬಗ್ಗೆ ಹೇಳುವವರಿಲ್ಲ ಅನ್ನೋದು ಬಂದ ಉತ್ತರ. ಹಾಗಾಗಿ ಬೀಜದ ಕೆಲಸಕ್ಕೆ ಕೈ ಹಾಕಿದರು. ಪೋಷಕಾಂಶ, ಅಡುಗೆ ವಿಧಾನ, ಮಾರುಕಟ್ಟೆ ಮೂರನ್ನೂ ಜೊತೆಗೆ ಎಳೆದುಕೊಂಡರು. ನಿಧಾನಕ್ಕೆ ಆ ಸೊಪ್ಪುಗಳು ನೈರೋಬಿಯ ಸೂಪರ್ ಮಾರ್ಕೆಟ್‌ಗೂ ಬಂದವು. 2010ರಲ್ಲಿ ಆಫ್ರಿಕನ್ ಒಕ್ಕೂಟದ ವಿಜ್ಞಾನ ಪ್ರಶಸ್ತಿ ಬಂತು. ಮುಂದೆ ಜೋಮೊ ಕೆನ್ಯಾಟ್ಟಾ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನೋಡಿಕೊಳ್ಳುವ ಉಪಕುಲಪತಿಯಾದರು. ಕುರ್ಚಿ ಬಂದಿದ್ದು ಆಮೇಲೆ. ಸೊಪ್ಪಿನ ಹಿಂದೆ ಅದಕ್ಕೂ ಮೊದಲೇ ಹತ್ತಿಪ್ಪತ್ತು ವರ್ಷ ಕಳೆದಿದ್ದರು.

ಇನ್ನು ಮಲೆನಾಡಿಗೆ ಬರೋಣ. ಇಲ್ಲಿ ಸೊಪ್ಪು ಕಡಿಮೆಯಾದದ್ದು ಯಾರೋ ಹಟ ಹಿಡಿದು ಕಿತ್ತದ್ದರಿಂದ ಅಲ್ಲ. ಒಂದೊಂದೇ ಬದಲಾವಣೆ ಅದರ ಜಾಗ ಕಸಿದುಕೊಂಡಿತು. ಹೊನಗೊನ್ನೆ, ಒಂದೆಲಗ ಬೆಳೆಯುತ್ತಿದ್ದದ್ದು ಗದ್ದೆ ಬದುವಿನಲ್ಲಿ, ನೀರು ಹರಿಯುವ ಕಾಲುವೆ ಅಂಚಿನಲ್ಲಿ. ಅಡಿಕೆಗೆ ರೇಟು ಬಂತು. ಭತ್ತದ ಲೆಕ್ಕಾಚಾರ ಕೂಡಲಿಲ್ಲ. ಗದ್ದೆಗಳೆಲ್ಲ ತೋಟವಾದವು. ರೈತರನ್ನು ಬೈದು ಫಲವಿಲ್ಲ, ಮನೆ ನಡೆಯಬೇಕಲ್ಲ. ಕೂಲಿಯಾಳು ಸಿಗದೇ ಹೋದಾಗ ಕಳೆನಾಶಕ ಬಂತು. ಅದಕ್ಕೆ ಕಳೆಯೂ ಒಂದೇ, ತಂಬುಳಿ ಸೊಪ್ಪೂ ಒಂದೇ. ಸೊಪ್ಪಿನಬೆಟ್ಟ ಇರುವುದು ತೋಟಕ್ಕೆ ಹಸಿರೆಲೆ, ದರಕು (ಒಣಗಿದ ಎಲೆ) ತರಲಿಕ್ಕೆ ಅಂತ. ಆದರೆ ಅಡುಗೆಯ ಹುಳಿಗೆ ಬೇಕಾದ ಮುರುಗಲು, ಉಪ್ಪಾಗೆಯೂ ಅಲ್ಲೇ ಸಿಗುತ್ತಿದ್ದವು. ಎಷ್ಟೋ ಗುಡ್ಡಗಳಲ್ಲಿ ಈಗ ಅಕೇಶಿಯಾ ನಿಂತಿದೆ. ಅದರ ಬುಡದಲ್ಲಿ ತಿನ್ನುವಂಥದ್ದು ಹುಟ್ಟುವುದು ಕಡಿಮೆ. ಕಾಯ್ದಿಟ್ಟ ಕಾಡಿನಲ್ಲಿ ಕಳಲೆ ಮುರಿಯಲು ಕಾನೂನಿನ ಅಡ್ಡಿಯಿದೆ. ಕಾಡು ಉಳಿಯಲಿ ಅಂತ ಮಾಡಿದ ಕಾನೂನು ಅದು, ತಪ್ಪು ಅನ್ನಲಾಗದು. ಅಡುಗೆಮನೆಗೆ ಮಾತ್ರ ಕಳಲೆ ದೂರವಾಯಿತು.

ವಿಶ್ವವಿದ್ಯಾಲಯದ ವಿಷಯ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಹುಟ್ಟಿದ್ದು 2012ರಲ್ಲಿ. ಕೆಳದಿ ಶಿವಪ್ಪ ನಾಯಕರ ಹೆಸರು ಅದಕ್ಕಿದೆ. ಮುಖ್ಯ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ, ಅಂದರೆ ಸೊಪ್ಪಿನ ನಾಡಿನ ನಟ್ಟನಡುವೆ. ಅಡಿಕೆ, ಭತ್ತ, ಕಾಳುಮೆಣಸಿನ ರೋಗಕ್ಕೆ ಉತ್ತರ ಕೊಡಬೇಕು ಅಂತ ರೈತರು ಕೇಳುವುದು ಸಹಜ. ಎಲೆಚುಕ್ಕೆ ರೋಗದಿಂದ ತೋಟ ಒಣಗುವಾಗ ಕೆಸು ಯಾರಿಗೆ ಬೇಕು? ಕುಲಪತಿಗಳ ಅವಧಿ ನಾಲ್ಕು ವರ್ಷ. ಪ್ರಾಜೆಕ್ಟುಗಳ ಅವಧಿ ಕೆಲವು ಸಲ ಅದಕ್ಕಿಂತ ಚಿಕ್ಕದು. ಬೀಜ ಕೂಡಿಸಿ, ಬೆಳೆಸಿ, ಬೇಯಿಸಿ, ಅಳೆದು, ಮಕ್ಕಳ ತಟ್ಟೆಗೆ ತಲುಪಿಸುವ ಕೆಲಸ ಈ ಲೆಕ್ಕದಲ್ಲಿ ಮುಗಿಯುವುದಿಲ್ಲ. ದುಡ್ಡು ತರುವ ಬೆಳೆಗೆ ಬೇಗ ದಾರಿಯಾಯಿತು. ಉಪ್ಪಿನಕಾಯಿಗೆ ಮಾರುಕಟ್ಟೆ ಇದ್ದ ಅಪ್ಪೆಮಿಡಿ ಮಾವಿಗೆ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿತು. ಸಿರಿಧಾನ್ಯಕ್ಕೆ 2023ರಲ್ಲಿ ಅಂತರರಾಷ್ಟ್ರೀಯ ವರ್ಷವೇ ಸಿಕ್ಕಿತು. ಸುಮ್ನೆ ಬೇಲಿ ಮೇಲೆ ಹಬ್ಬುವ ಸೊಪ್ಪಿಗೆ ಮಾರಾಟಗಾರರೂ ಇಲ್ಲ, ಲಾಬಿಯೂ ಇಲ್ಲ.

ಹಾಗಂತ ಅಜ್ಜಿ ಕಾಲದಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು ಅನ್ನೋದನ್ನ ನಾನು ಒಪ್ಪುವುದಿಲ್ಲ. ಮಲೇರಿಯಾ, ಕೊಕ್ಕೆಹುಳದಿಂದ ಇಲ್ಲಿ ಊರೂರೇ ಬಡವಾಗಿದ್ದವು. ಮೈಸೂರು ಸರ್ಕಾರ 1910ರ ದಶಕದಲ್ಲಿ ಮಲೆನಾಡು ಸುಧಾರಣೆಗೆಂದೇ ಬೇರೆ ಯೋಜನೆ ಮಾಡಬೇಕಾಯಿತು. ಇವತ್ತೂ ರಕ್ತಹೀನತೆ ಹೋಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಬರೀ ಸೊಪ್ಪಿನಿಂದ ಇದು ಗುಣವಾಗುವುದಿಲ್ಲ. ಸೊಪ್ಪಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಹಾಗಾಗಿ ಪುರಾವೆ ಕೇಳುವವರು ತಪ್ಪು ಕೇಳುತ್ತಿಲ್ಲ. ಆದರೆ ಅಳೆಯುವ ಮೊದಲೇ ಪುರಾವೆ ಇಲ್ಲ ಅಂತ ಬಾಗಿಲು ಹಾಕುವುದು ಯಾವ ನ್ಯಾಯ?

ಕಟ್ಟಿಕೊಳ್ಳಲು ಬುನಾದಿ ಇಲ್ಲವೆಂದಲ್ಲ. ಶಿರಸಿಯಲ್ಲಿ ವನಸ್ತ್ರೀ ಬಳಗದ ಹೆಂಗಸರು ಮಲೆನಾಡು ಮೇಳ ನಡೆಸಿ ಮನೆ ಹಿತ್ತಲಿನ ಬೀಜ, ಗೆಡ್ಡೆ ಹಂಚುತ್ತಾ ಬಂದಿದ್ದಾರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಊರಿನ ಗಿಡಮರಗಳ, ಅವುಗಳ ಬಳಕೆಯ ದಾಖಲೆ ಇರಬೇಕು. ಆ ದಾಖಲೆ ಪಂಚಾಯಿತಿಯಲ್ಲಿ, ಅಳೆಯುವ ಯಂತ್ರ ಇರುವುದು ವಿಶ್ವವಿದ್ಯಾಲಯದಲ್ಲಿ, ಅಡುಗೆ ಗೊತ್ತಿರುವವರು ಹಿತ್ತಲಲ್ಲಿ. ಆ ಅಡುಗೆ ಹೇಳಿಕೊಟ್ಟವರ ಹೆಸರು ಸಂಶೋಧನೆಯಲ್ಲಿ ಬರುತ್ತದಾ, ಮುಂದೆ ಅದರಿಂದ ದುಡ್ಡು ಬಂದರೆ ಅವರಿಗೆ ಪಾಲು ಇದೆಯಾ ಅನ್ನೋದನ್ನ ಮೊದಲೇ ಮಾತಾಡಿಕೊಳ್ಳಬೇಕು. ಲಾಭದಲ್ಲಿ ಪಾಲು ಕೊಡಬೇಕು ಅನ್ನೋ ಮಾತು ಅದೇ ಕಾಯ್ದೆಯಲ್ಲಿದೆ.