ಕರುಳಿನ ಕ್ಯಾನ್ಸರ್ ಮತ್ತು ತಪ್ಪಿದ ಮರಗಸಿ

ಕಾಫಿ ಕೊಯ್ಲು ಜೋರಾಗಿದ್ದ ದಿನಗಳು. ಬಾಳೆಹೊನ್ನೂರು ಕಡೆಯ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ಮಗನ ಜೊತೆ ಚಿಕ್ಕಮಗಳೂರಿನ ನಮ್ಮ ಲ್ಯಾಬಿಗೆ ಬಂದರು. ನಾಲ್ಕು ತಿಂಗಳಿಂದ ಮಲದಲ್ಲಿ ರಕ್ತ. ಪೈಲ್ಸ್ ಇರಬೇಕು ಅಂತ ಮುಲಾಮು ಹಚ್ಚಿಕೊಂಡು ಓಡಾಡುತ್ತಿದ್ದರು. ಮಗ ಮೊಬೈಲ್ ತೆಗೆದು ತೋರಿಸಿದ.

"ಮೇಡಂ, ಮೈಕ್ರೋ ಆರ್‌ಎನ್‌ಎ ಟೆಸ್ಟ್ ಅಂತೆ. ಒಂದು ಟ್ಯೂಬ್ ರಕ್ತ ಕೊಟ್ರೆ ಕ್ಯಾನ್ಸರ್ ಇದ್ಯೋ ಇಲ್ವೋ ಗೊತ್ತಾಗುತ್ತಂತೆ. ಅಪ್ಪಂಗೆ ಆ ಪೈಪ್ ಹಾಕ್ಸೋದು ಬೇಡ."

ಅವನ ಆಸೆ ನನಗೆ ಅರ್ಥವಾಯಿತು. ಮೈಕ್ರೋ ಆರ್‌ಎನ್‌ಎ ಸುಳ್ಳು ಸುದ್ದಿಯೂ ಅಲ್ಲ. ಆದರೂ ಮೊದಲು ಪೈಪ್ ಹಾಕಿಸಿ, ಅಂದರೆ ಕ್ಯಾಮೆರಾ ಇರುವ ಪೈಪಿನಿಂದ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಮಾಡಿಸಿ ಅಂತಲೇ ಹೇಳಿದೆ. ಯಾಕೆ ಅನ್ನೋದನ್ನು ಆವತ್ತು ಐದು ನಿಮಿಷದಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಜೀವಕೋಶದಲ್ಲಿ ಡಿಎನ್‌ಎ ಎಂಬುದು ತೋಟದ ಆಫೀಸಿನಲ್ಲಿರುವ ದೊಡ್ಡ ಲೆಕ್ಕದ ಪುಸ್ತಕದ ಹಾಗೆ. ಅದು ಆಚೆ ಹೋಗುವುದಿಲ್ಲ. ಬೇಕಾದ ಕೆಲಸವನ್ನು ಒಂದು ಚೀಟಿಯಲ್ಲಿ ನಕಲು ಮಾಡಿ ಕಳಿಸುತ್ತಾರೆ. ಅದು ಮೆಸೆಂಜರ್ ಆರ್‌ಎನ್‌ಎ. ಚೀಟಿ ನೋಡಿ ಪ್ರೋಟೀನ್ ತಯಾರಾಗುತ್ತದೆ. ಚೀಟಿಯಲ್ಲಿ ಸಾವಿರಾರು ಅಕ್ಷರ ಇರಬಹುದು. ಮೈಕ್ರೋ ಆರ್‌ಎನ್‌ಎಯಲ್ಲಿ ಇರುವುದು ಸುಮಾರು 22. ಇದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ತನಗೆ ಹೊಂದುವ ಅಕ್ಷರಗಳಿರುವ ಚೀಟಿಯನ್ನು ಹುಡುಕಿ, ಅದರ ಕೊನೆಯ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಚೀಟಿಯನ್ನು ಓದುವುದು ಕಡಿಮೆಯಾಗುತ್ತದೆ, ಬೇಗ ಚೂರಾಗಿಯೂ ಹೋಗುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಮರಗಸಿ ಅಂದರೆ ಸಾಕು. ಮಳೆಗಾಲಕ್ಕೆ ಮುಂಚೆ ನೆರಳಿನ ಮರವನ್ನು ಬುಡಸಮೇತ ಕಡಿಯುವುದಿಲ್ಲ. ಕೊಂಬೆ ಸವರಿ ಬೆಳಕು ಹದಕ್ಕೆ ತರುತ್ತಾರೆ. ಸವರದೆ ಬಿಟ್ಟರೆ ಕೊಳೆರೋಗ, ಜಾಸ್ತಿ ಸವರಿದರೆ ಗಿಡ ಬಿಸಿಲಿಗೆ ಸುಡುತ್ತದೆ. ಮೈಕ್ರೋ ಆರ್‌ಎನ್‌ಎ ಕೂಡ ಜೀನನ್ನು ಪೂರ್ತಿ ನಿಲ್ಲಿಸುವುದು ಅಪರೂಪ. ಹದ ಮಾಡುತ್ತದೆ, ಅದೂ ಒಂದೊಂದು ಮೈಕ್ರೋ ಆರ್‌ಎನ್‌ಎ ನೂರಾರು ಚೀಟಿಗಳನ್ನು.

1993ರಲ್ಲಿ ಇದು ಮೊದಲು ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ಹುಳಕ್ಕೆ ಮಾತ್ರ ಸೇರಿದ್ದಿರಬೇಕು ಅಂತ ತುಂಬಾ ಜನ ಅಂದುಕೊಂಡರು. 2000ದಲ್ಲಿ ಲೆಟ್-7 ಎಂಬ ಎರಡನೆಯದು ಸಿಕ್ಕಿತು. ಅದು ಮನುಷ್ಯರಲ್ಲೂ ಇತ್ತು. ಆ ಹುಳದ ಕೆಲಸಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು.

ಹೊಟ್ಟೆಯ ಕ್ಯಾನ್ಸರುಗಳಲ್ಲಿ ಈ ಮರಗಸಿಯ ಹದವೇ ತಪ್ಪಿರುತ್ತದೆ. ಲೆಟ್-7 ಮಾಡುವ ಕೆಲಸಗಳಲ್ಲಿ ಒಂದು ರಾಸ್ ಎಂಬ ಬೆಳವಣಿಗೆಯ ಜೀನನ್ನು ತಗ್ಗಿಸುವುದು. ಎಷ್ಟೋ ಗಡ್ಡೆಗಳಲ್ಲಿ ಲೆಟ್-7 ಕಡಿಮೆಯಾಗಿರುತ್ತದೆ. ಮಿರ್-21 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎ ಇದಕ್ಕೆ ಉಲ್ಟಾ. ಜಠರ, ದೊಡ್ಡ ಕರುಳು, ಮೇದೋಜೀರಕ ಗ್ರಂಥಿ, ಹೀಗೆ ಹಲವು ಕಡೆಯ ಗಡ್ಡೆಗಳಲ್ಲಿ ಅದು ಏರಿರುತ್ತದೆ. ಅದು ತಗ್ಗಿಸುವುದು ಪಿ-ಟೆನ್‌ನಂಥ ಜೀನುಗಳನ್ನು. ಅವು ಕೋಶ ಬೆಳೆಯದಂತೆ ತಡೆಯುವ ಬ್ರೇಕುಗಳು. ಹಾಗಾದರೆ ಮಿರ್-21 ಅಳೆದರೆ ಆಯ್ತಲ್ವಾ? ಆಗುವುದಿಲ್ಲ. ಕರುಳಿಗೆ ಸುಮ್ನೆ ಉರಿಯೂತ ಬಂದರೂ ಅದು ಏರುತ್ತದೆ.

ಲಿವರಿನ ಕತೆ ಇನ್ನೂ ವಿಚಿತ್ರ. ಮಿರ್-122 ಹೆಚ್ಚುಕಡಿಮೆ ಲಿವರಿನದೇ ಸ್ವತ್ತು. ಅಲ್ಲಿನ ಮೈಕ್ರೋ ಆರ್‌ಎನ್‌ಎಗಳಲ್ಲಿ ಶೇ 70ರಷ್ಟು ಅದೊಂದೇ. ಲಿವರ್ ಕ್ಯಾನ್ಸರಿನಲ್ಲಿ ಗಡ್ಡೆಯೊಳಗೆ ಅದು ಎಷ್ಟೋ ಸಲ ಕುಸಿದಿರುತ್ತದೆ. ಕುಸಿದಷ್ಟೂ ರೋಗ ಹರಡುವ ಭಯ ಜಾಸ್ತಿ. ಆದರೆ ರಕ್ತದಲ್ಲಿ ನೋಡಿದರೆ ಅದೇ ಏರಿರಬಹುದು. ಲಿವರಿಗೆ ಪೆಟ್ಟು ಬಿದ್ದಾಗ ಕೋಶ ಒಡೆದು ಒಳಗಿನದು ರಕ್ತಕ್ಕೆ ಸೋರುತ್ತದೆ. ಕುಡಿತದಿಂದಾದ ಪೆಟ್ಟೋ, ಕಾಮಾಲೆಯೋ, ಜಾಸ್ತಿ ನುಂಗಿದ ಪ್ಯಾರಸಿಟಮಾಲೋ, ಗಡ್ಡೆಯೋ? ಆ ಒಂದು ಅಂಕೆ ಇದನ್ನು ಹೇಳುವುದಿಲ್ಲ.

ಇನ್ನು ಟ್ಯೂಬಿನ ವಿಷಯ. ಇದು ನನ್ನ ದಿನನಿತ್ಯದ ಪಾಡು. ಮೂಡಿಗೆರೆ ಕಡೆಯಿಂದ ಒಮ್ಮೆ ಬಸ್ಸಿನಲ್ಲಿ ಬಂದ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆವು. ಮೇಲೆ ನಿಲ್ಲುವ ಸೀರಮ್ ಒಣಹುಲ್ಲಿನ ಬಣ್ಣ ಇರಬೇಕಿತ್ತು. ದಾಸವಾಳ ಕದಡಿದ ನೀರಿನ ಹಾಗಿತ್ತು. ಸಣ್ಣ ಸೂಜಿ, ಜೋರಾಗಿ ಎಳೆದಿದ್ದು, ಘಾಟಿಯ ಕುಲುಕಾಟ, ಯಾವುದರಿಂದಲೋ ಕೆಂಪು ಕಣಗಳು ಒಡೆದಿದ್ದವು. ಅಂಥ ಟ್ಯೂಬಿನಲ್ಲಿ ಪೊಟ್ಯಾಶಿಯಂ ಕೂಡ ತಪ್ಪು ಬರುತ್ತದೆ, ಹಾಗಾಗಿ ವಾಪಸ್ ಕಳಿಸುತ್ತೇವೆ. ಕೆಂಪು ಕಣಗಳಲ್ಲಿ ಮಿರ್-451, ಮಿರ್-16 ತುಂಬಿಕೊಂಡಿರುತ್ತವೆ. ಕಣ ಒಡೆದರೆ ಅವೆಲ್ಲ ಸೀರಮಿಗೆ ಬಂದು ಲೆಕ್ಕ ಕೆಡುತ್ತದೆ. ರೋಗಿಯಲ್ಲಿ ಇಲ್ಲದ ಬದಲಾವಣೆ ರಿಪೋರ್ಟಿನಲ್ಲಿ ಕಾಣುತ್ತದೆ. ಮನೆಯವರು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಕೂರುತ್ತಾರೆ.

ಔಷಧಿಯಾಗಿ ಬಳಸುವ ಪ್ರಯತ್ನವೂ ನಡೆಯಿತು. ಗಡ್ಡೆಯನ್ನು ತಡೆಯುವ ಮಿರ್-34ಎ ನಕಲನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿಟ್ಟು ಲಿವರ್ ಕ್ಯಾನ್ಸರ್ ಮತ್ತಿತರ ರೋಗಿಗಳಿಗೆ ಕೊಟ್ಟರು. ಕೆಲವರ ದೇಹದ ರೋಗನಿರೋಧಕ ವ್ಯವಸ್ಥೆ ಭಯಂಕರವಾಗಿ ತಿರುಗಿಬಿತ್ತು, ಸಾವುಗಳಾದವು. 2016ರಲ್ಲಿ ಪ್ರಯೋಗ ನಿಲ್ಲಿಸಿದರು. ನೂರಾರು ಚೀಟಿಗಳಿಗೆ ಒಟ್ಟಿಗೆ ಕೈ ಹಾಕುವ ವಸ್ತು ಇದು, ನೆನಪಿರಲಿ.

ಆದ್ದರಿಂದ ನನ್ನ ಅಭಿಪ್ರಾಯ ಖಚಿತ. ಹೊಟ್ಟೆಯ ಕ್ಯಾನ್ಸರಿಗೆ ಬಯಾಪ್ಸಿ (ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು) ಬದಲು ನಂಬಬಹುದಾದ ಮೈಕ್ರೋ ಆರ್‌ಎನ್‌ಎ ಟೆಸ್ಟ್ ಇವತ್ತು ಇಲ್ಲ. ಕೊಲೊನೋಸ್ಕೋಪಿಯಲ್ಲಿ ಕಣ್ಣಿಗೆ ಕಾಣುತ್ತದೆ, ಚೂರು ತೆಗೆಯಬಹುದು. ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಚಿಕ್ಕ ಗಂಟು ಇದ್ದರೆ ಅಲ್ಲೇ ತೆಗೆದುಹಾಕಬಹುದು. ರಕ್ತದ ಟ್ಯೂಬ್ ಅದನ್ನು ಮಾಡುವುದಿಲ್ಲ.

ರೈಟರ್ ಒಪ್ಪಿದರು. ಹಾಸನದಲ್ಲಿ ಕೊಲೊನೋಸ್ಕೋಪಿ ಆಯಿತು. ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಚೂರು ಫಾರ್ಮಲಿನ್ ಬಾಟಲಿಯಲ್ಲಿ ನನ್ನ ಟೇಬಲಿಗೆ ಬಂದವು. ಆರೋಗ್ಯವಾಗಿರುವ ಕರುಳಿನ ಗ್ರಂಥಿಗಳು ಮೈಕ್ರೋಸ್ಕೋಪಿನಲ್ಲಿ ಬಳೆಗಳನ್ನು ಜೋಡಿಸಿಟ್ಟ ಹಾಗೆ ದುಂಡಗೆ, ಬಿಡಿಬಿಡಿಯಾಗಿ ಕಾಣುತ್ತವೆ. ಇವರದರಲ್ಲಿ ಬಳೆಗಳು ನಜ್ಜುಗುಜ್ಜಾಗಿ ಒಂದರ ಬೆನ್ನಿಗೆ ಒಂದು ಅಂಟಿದ್ದವು. ಕ್ಯಾನ್ಸರ್. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಹಾಲ್ರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿರಲಿಲ್ಲ. ಈಗ ಮತ್ತೆ ಕಣದ ಹತ್ತಿರ ನಿಂತು ಕಾಫಿ ಅಳೆಸುತ್ತಿದ್ದಾರೆ.

ಅವರ ಬಯಾಪ್ಸಿಯ ಚೂರುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ನಮ್ಮ ಬೀರುವಿನಲ್ಲಿದೆ. ಉದ್ದನೆಯ ಆರ್‌ಎನ್‌ಎಗಳು ಫಾರ್ಮಲಿನ್‌ನಲ್ಲಿ ಮುರಿದು ಹೋಗುತ್ತವೆ. ಈ 22 ಅಕ್ಷರದವು ಮಾತ್ರ ಮೇಣದೊಳಗೆ ವರ್ಷಗಟ್ಟಲೆ ಉಳಿಯುತ್ತವೆ. ಮುಂದೆ ಇವರ ಚಿಕಿತ್ಸೆಗೆ ದಾರಿ ತೋರುವ ನಂಬಿಕೆಯ ಟೆಸ್ಟ್ ಬಂದರೆ ಹೊಸದಾಗಿ ಚೂರು ತೆಗೆಯಬೇಕಿಲ್ಲ. ಮೊನ್ನೆ ಬೀರು ಒರೆಸುವ ಹುಡುಗಿ ಹಳೆ ಬ್ಲಾಕುಗಳನ್ನು ಎಸೆಯೋಣವಾ ಅಂತ ಕೇಳಿದಳು. ಒಂದನ್ನೂ ಮುಟ್ಟಬೇಡಮ್ಮ, ಎಲ್ಲ ನಂಬರ್ ಪ್ರಕಾರ ಮತ್ತೆ ಜೋಡಿಸಿಡು ಅಂದೆ.